ಮೆಕ್ಸಿಕೋದ ಗ್ರಾಮಾಂತರದಲ್ಲಿ ಕುದುರೆ ಸವಾರಿಯ ರಜೆ: ವೀಸಾದಿಂದ ಜೀನಿನವರೆಗೆ

ಮೆಕ್ಸಿಕೋಕ್ಕೆ ಹೋಗಿ ನಾಲ್ಕೈದು ದಿನ ಕುದುರೆಯ ಮೇಲೆ ಹಳ್ಳಿ, ಕಾಡು, ಬೆಟ್ಟಗಳನ್ನು ಸುತ್ತಬೇಕಾದರೆ ಏನೇನು ಸಿದ್ಧತೆ ಬೇಕು ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿ ಕೆಲಸದಲ್ಲಿರುವ ಕನ್ನಡಿಗರು. ಬೆಂಗಳೂರಿನಿಂದಲೇ ಹೊರಡಬೇಕೆಂದಿರುವವರೂ ಕೆಲವರಿದ್ದಾರೆ. ಸವಾರಿ ಬಾರದವರು ಹೋಗಬಹುದೇ, ಸಸ್ಯಾಹಾರಿಗಳ ಗತಿ ಏನು, ಅಲ್ಲಿ ಓಡಾಡುವುದು ಸುರಕ್ಷಿತವೇ ಎಂಬ ಮೂರು ಸಂಶಯಗಳು ಎಲ್ಲರಲ್ಲೂ ಇವೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಕ್ರಮವಾಗಿ ಇಲ್ಲಿ ಬರೆದಿದ್ದೇನೆ.

ಮೊದಲಿಗೇ ಒಂದು ಮಾತು. ಇಂಥ ರಜೆ ಚೆನ್ನಾಗಿ ಆಗುವುದೋ ಕೆಡುವುದೋ ಎಂಬುದು ಬಹುಪಾಲು ನೀವು ಕುದುರೆ ಹತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ನಿಮ್ಮ ಸವಾರಿಯ ಬಗ್ಗೆ, ನಿಮ್ಮ ತೂಕದ ಬಗ್ಗೆ ನೀವು ಎಷ್ಟು ನಿಜ ಹೇಳಿದಿರಿ, ಕುದುರೆಯನ್ನು ಸಾಕಿದವರು ಅದನ್ನು ಹೇಗೆ ನೋಡಿಕೊಂಡಿದ್ದಾರೆ ಎಂಬ ಎರಡು ವಿಷಯಗಳ ಮೇಲೆ ಉಳಿದದ್ದೆಲ್ಲ ನಿಂತಿದೆ. ಆದ್ದರಿಂದ ನೋಡತಕ್ಕ ಸ್ಥಳಗಳ ವರ್ಣನೆಗಿಂತ ಈ ಎರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಿವಿಗೆ ಬೀಳುವ ಕೆಲವು ಪದಗಳನ್ನು ಈಗಲೇ ತಿಳಿದುಕೊಂಡರೆ ಮುಂದೆ ಅನುಕೂಲ. ‘ಕಬಲ್ಗಾತಾ’ ಎಂದರೆ ಗುಂಪಾಗಿ ಕುದುರೆಯ ಮೇಲೆ ಹೋಗುವ ಪ್ರಯಾಣ. ಇದು ಒಂದು ಗಂಟೆಯದೂ ಇರಬಹುದು, ಒಂದು ವಾರದ್ದೂ ಇರಬಹುದು. ‘ರಾಂಚೊ’ ಎಂದರೆ ದನ, ಕುದುರೆಗಳಿರುವ ಹೊಲಮನೆ. ‘ಅಸಿಯೆಂದಾ’ ಎಂದರೆ ಹಳೆಯ ಕಾಲದ ಜಮೀನ್ದಾರಿ ಬಂಗಲೆ. ಇವುಗಳಲ್ಲಿ ಹಲವು ಈಗ ವಸತಿಗೃಹಗಳಾಗಿವೆ. ‘ಕಬಯೆರಾಂಗೊ’ ಎಂದರೆ ಕುದುರೆಗಳನ್ನು ನೋಡಿಕೊಳ್ಳುವ ಆಳು. ನಿಮ್ಮ ರಜೆಯಲ್ಲಿ ನೀವು ಹೆಚ್ಚು ಗೌರವ ಕೊಡಬೇಕಾದ ವ್ಯಕ್ತಿ ಇವರೇ. ‘ಎಹೀದೊ’ ಎಂದರೆ ಮೆಕ್ಸಿಕೋ ಕ್ರಾಂತಿಯ ನಂತರ ಹಳ್ಳಿಯವರಿಗೆ ಸಮುದಾಯದ ಹೆಸರಿನಲ್ಲಿ ಹಂಚಿಕೆಯಾದ ಜಮೀನು. ನೀವು ಸಾಗುವ ಕಾಡುದಾರಿಗಳಲ್ಲಿ ಅನೇಕವು ಎಹೀದೊಗಳಿಗೆ ಸೇರಿರುವುದರಿಂದ, ಅಲ್ಲಿ ಪ್ರವೇಶಶುಲ್ಕ ವಸೂಲಿ ಮಾಡುವವರೂ ಕುದುರೆ ಬಾಡಿಗೆಗೆ ಕೊಡುವವರೂ ಆ ಊರಿನವರೇ ಆಗಿರುತ್ತಾರೆ.

1. ಜಾಗವನ್ನು ಆರಿಸಿಕೊಳ್ಳಿ

ಮೆಕ್ಸಿಕೋ ಬಹಳ ದೊಡ್ಡ ದೇಶ. ಒಂದೇ ರಜೆಯಲ್ಲಿ ಎರಡು ಮೂರು ಕಡೆ ಸವಾರಿ ಮಾಡುವ ಯೋಜನೆ ಹಾಕಬೇಡಿ. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ವಾಯೆ ದೆ ಬ್ರಾವೊ. ಇದು ಮೆಕ್ಸಿಕೋ ಸಿಟಿಯಿಂದ ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ, 1,800 ಮೀಟರ್ ಎತ್ತರದಲ್ಲಿ, ದೊಡ್ಡ ಜಲಾಶಯದ ದಂಡೆಯ ಮೇಲಿರುವ ಊರು. ಸುತ್ತಲೂ ಪೈನ್ ಮತ್ತು ಓಕ್ ಕಾಡು, ಮುಸುಕಿನ ಜೋಳದ ಹೊಲಗಳು, ಕಣಿವೆಗಳು ಇವೆ. ಕೆಲವು ದಿನಗಳ ಕಬಲ್ಗಾತಾ ನಡೆಸುವವರೂ ಇಲ್ಲಿದ್ದಾರೆ. ಚಳಿಗಾಲದಲ್ಲಿ ಹೋದರೆ ಹತ್ತಿರದ ಪಿಯೆದ್ರಾ ಎರಾದಾ ಎಂಬ ರಕ್ಷಿತಾರಣ್ಯದಲ್ಲಿ, ಕೆನಡಾ ಮತ್ತು ಅಮೆರಿಕದಿಂದ ವಲಸೆ ಬರುವ ಮೊನಾರ್ಕ್ ಚಿಟ್ಟೆಗಳನ್ನು ನೋಡಬಹುದು. ಓಯಮೆಲ್ ಎಂಬ ಜಾತಿಯ ಮರಗಳ ಕೊಂಬೆಗಳಲ್ಲಿ ಚಿಟ್ಟೆಗಳು ಒಣಗಿದ ಎಲೆಯ ಗೊಂಚಲಿನಂತೆ ಜೋತುಬಿದ್ದಿರುತ್ತವೆ. ಬಿಸಿಲು ಬೀಳುವವರೆಗೆ ಇವು ಚಿಟ್ಟೆಗಳೆಂದು ನಂಬುವುದೇ ಕಷ್ಟ. ಬಿಸಿಲು ತಾಗಿದೊಡನೆ ಗೊಂಚಲು ಬಿಚ್ಚಿಕೊಂಡು ಕಾಡಿನ ತುಂಬ ಕೇಸರಿ ಬಣ್ಣ ಹಾರಾಡುತ್ತದೆ. ಕುದುರೆಗಳು ನಿಮ್ಮನ್ನು ದಾರಿಯ ಒಂದು ಹಂತದವರೆಗೆ ಮಾತ್ರ ಒಯ್ಯುತ್ತವೆ. ಉಳಿದದ್ದನ್ನು ಕಾಲ್ನಡಿಗೆಯಲ್ಲಿ, ಮಾತಿಲ್ಲದೆ, ಚಿಟ್ಟೆಗಳನ್ನು ಮುಟ್ಟದೆ, ಕ್ಯಾಮೆರಾದ ಫ್ಲ್ಯಾಶ್ ಬಳಸದೆ ಹತ್ತಬೇಕು.

ಬೇರೆ ಆಯ್ಕೆಗಳೂ ಇವೆ. ಗುವಾನಹ್ವಾತೊ ರಾಜ್ಯದ ಸಾನ್ ಮಿಗೆಲ್ ದೆ ಅಯೆಂದೆ ಊರಿನ ಹೊರವಲಯದ ಕಣಿವೆಗಳಲ್ಲಿ ಅರ್ಧ ದಿನ ಅಥವಾ ಒಂದು ದಿನದ ಸವಾರಿ ಸಿಗುತ್ತದೆ. ರಾತ್ರಿ ಊರಿನ ಒಳ್ಳೆಯ ಹೋಟೆಲಿಗೆ ಮರಳಬೇಕೆನ್ನುವವರಿಗೆ ಇದು ಸರಿ. ಸಾನ್ ಲುಯಿಸ್ ಪೊತೊಸಿ ರಾಜ್ಯದ ರಿಯಲ್ ದೆ ಕತೋರ್ಸೆ ಹಳೆಯ ಬೆಳ್ಳಿ ಗಣಿಗಳ ಊರು. 2 ಕಿಲೋಮೀಟರಿಗೂ ಉದ್ದದ ಸುರಂಗದ ಮೂಲಕ ಊರನ್ನು ಹೊಕ್ಕು, ಅಲ್ಲಿಂದ ವಿಷಾರಿಕಾ ಬುಡಕಟ್ಟಿನವರಿಗೆ ಪವಿತ್ರವಾದ, ‘ಸುಟ್ಟ ಬೆಟ್ಟ’ ಎಂಬ ಹೆಸರಿನ ಬೆಟ್ಟಕ್ಕೆ ಕುದುರೆಯಲ್ಲಿ ಹೋಗಬಹುದು. ಅಲ್ಲಿ ಹರಕೆಗೆಂದು ಇಟ್ಟಿರುವ ವಸ್ತುಗಳನ್ನು ಮುಟ್ಟಬಾರದು. ಉತ್ತರದ ಚಿವಾವಾ ರಾಜ್ಯದ ತಾಮ್ರ ಕಣಿವೆಯ ಸವಾರಿ ಅನುಭವಿಗಳಿಗೆ ಮಾತ್ರ. ಅಲ್ಲಿನ ಇಳಿಜಾರುಗಳಲ್ಲಿ ಹೊಸಬರಿಗೆ ಕೆಲಸವಿಲ್ಲ.

ಪರಿಕುತಿನ್ ಜ್ವಾಲಾಮುಖಿಯ ಬಗ್ಗೆ ಅನೇಕರು ಕೇಳಿದ್ದಾರೆ. 1943ರ ಫೆಬ್ರವರಿ 20ರಂದು ಒಬ್ಬ ರೈತನ ಮುಸುಕಿನ ಜೋಳದ ಹೊಲದಲ್ಲಿ ಹುಟ್ಟಿ, 1952ರವರೆಗೆ ಉರಿದು ತಣ್ಣಗಾದ ಪರ್ವತ ಅದು. ಅಂಗಾವಾನ್ ಎಂಬ, ಪುರೆಪೆಚಾ ಬುಡಕಟ್ಟಿನವರ ಹಳ್ಳಿಯಿಂದ ಕುದುರೆಯ ಮೇಲೆ ಹೋದರೆ, ಕಪ್ಪು ಲಾವಾದ ಬಂಡೆಗಳ ನಡುವೆ ಮುಳುಗದೆ ಉಳಿದ ಇಗರ್ಜಿಯ ಗೋಪುರ ಕಾಣಿಸುತ್ತದೆ. ಆದರೆ ಈ ಜಾಗ ಇರುವ ಮಿಚೊಆಕಾನ್ ರಾಜ್ಯವನ್ನು ಅಮೆರಿಕದ ವಿದೇಶಾಂಗ ಇಲಾಖೆ ಹಲವು ವರ್ಷಗಳಿಂದ ‘ಹೋಗಬೇಡಿ’ ಎಂಬ ಪಟ್ಟಿಯಲ್ಲೇ ಇಟ್ಟಿದೆ. ಮನಸ್ಸಿಗೆ ಎಷ್ಟೇ ಆಸೆಯಾದರೂ ಮೊದಲ ರಜೆಗೆ ಇದನ್ನು ಬಿಡಿ ಎಂದೇ ಹೇಳುತ್ತೇನೆ.

ಸುರಕ್ಷತೆಯ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ‘ಮೆಕ್ಸಿಕೋ ಸುರಕ್ಷಿತವೇ’ ಎಂದು ಕೇಳಿದರೆ ಉಪಯೋಗವಿಲ್ಲ. ‘ಈ ರಾಜ್ಯ, ಈ ತಾಲ್ಲೂಕು, ಈ ರಸ್ತೆ ಈಗ ಹೇಗಿದೆ’ ಎಂದು ಕೇಳಬೇಕು. ಟಿಕೆಟ್ ಕೊಳ್ಳುವ ಮೊದಲು ಒಮ್ಮೆ, ಹೊರಡುವ ವಾರದಲ್ಲಿ ಇನ್ನೊಮ್ಮೆ ರಾಜ್ಯವಾರು ಎಚ್ಚರಿಕೆಗಳನ್ನು ಓದಿ. ಸರ್ಕಾರ ಹೋಗಬೇಡಿ ಎಂದ ಜಾಗಕ್ಕೆ ಹೋದರೆ ಕೆಲವು ವಿಮೆಗಳು ಪರಿಹಾರ ಕೊಡುವುದಿಲ್ಲ ಎಂಬುದೂ ನೆನಪಿರಲಿ.

2. ತಿಂಗಳನ್ನು ಗೊತ್ತುಮಾಡಿ

ಮಧ್ಯ ಮೆಕ್ಸಿಕೋದ ಎತ್ತರದ ಪ್ರದೇಶದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ, ಜೂನ್‌ನಿಂದ ಅಕ್ಟೋಬರ್‌ ಮೊದಲ ಭಾಗದವರೆಗೆ ಮಳೆಗಾಲ. ಚಿಟ್ಟೆಗಳಿಗಾಗಿ ಹೋಗುವವರಿಗೆ ಜನವರಿ ಮತ್ತು ಫೆಬ್ರವರಿ ಉತ್ತಮ. ಆಗ ಬೆಳಗಿನ ಹೊತ್ತು 3,000 ಮೀಟರ್ ಎತ್ತರದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಮಧ್ಯಾಹ್ನ ಅಂಗಿಯ ತೋಳು ಮಡಿಸುವಷ್ಟು ಬಿಸಿಲು. ಮಳೆಗಾಲದಲ್ಲಿ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ, ಬೆಳಿಗ್ಗೆ ಬೇಗ ಹೊರಟು ಊಟದ ಹೊತ್ತಿಗೆ ಮರಳುವ ಏರ್ಪಾಡಿದ್ದರೆ ಆಗಲೂ ಹೋಗಬಹುದು. ಕಾಡು ಆಗ ಬಹಳ ಹಸಿರಾಗಿರುತ್ತದೆ, ಆದರೆ ಮಣ್ಣಿನ ಇಳಿಜಾರುಗಳು ಜಾರುತ್ತವೆ. ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲೂ ಡಿಸೆಂಬರಿನ ಕೊನೆಯಲ್ಲೂ ಇಡೀ ದೇಶವೇ ರಜೆಯಲ್ಲಿರುವುದರಿಂದ ಆ ದಿನಗಳನ್ನು ತಪ್ಪಿಸಿ.

3. ವೀಸಾ ಮತ್ತು ವಿಮಾನ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೋದ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಯೂರೋಪಿನ ಷೆಂಗೆನ್ ಒಪ್ಪಂದದ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದರೆ, ಇಲ್ಲವೇ ಆ ದೇಶಗಳಲ್ಲಿ ಕಾಯಂ ವಾಸದ ಹಕ್ಕಿದ್ದರೆ, ಪ್ರವಾಸಕ್ಕೆ ಬೇರೆ ವೀಸಾ ಬೇಕಿಲ್ಲ. ಏನೂ ಇಲ್ಲದವರು ದೆಹಲಿಯಲ್ಲಿರುವ ಮೆಕ್ಸಿಕೋ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಬೇಕು.

ಅಮೆರಿಕದಲ್ಲಿರುವವರು ಎಡವುವುದು ಒಂದೇ ಕಡೆ. ಕೆಲಸದ ಅನುಮತಿ ಪತ್ರದ ಅವಧಿ ಮುಂದಕ್ಕಿದ್ದು, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಅವಧಿ ಮುಗಿದಿದ್ದರೆ, ಮೇಲೆ ಹೇಳಿದ ರಿಯಾಯಿತಿ ಅನ್ವಯಿಸುವುದಿಲ್ಲ. ಅಮೆರಿಕಕ್ಕೆ ಮರಳಿ ಬರುವಾಗಲೂ ತೊಡಕಾಗಬಹುದು. ಟಿಕೆಟ್ ಕೊಳ್ಳುವ ಮೊದಲು ಪಾಸ್‌ಪೋರ್ಟ್ ತೆರೆದು ಆ ದಿನಾಂಕವನ್ನು ಕಣ್ಣಾರೆ ನೋಡಿ, ಸಂದೇಹವಿದ್ದರೆ ನಿಮ್ಮ ಕಂಪನಿಯ ವಲಸೆ ವಕೀಲರನ್ನು ಕೇಳಿ. ಭಾರತದಿಂದ ಹೊರಡುವವರು ಯೂರೋಪಿನ ಮೂಲಕ ಹೋಗಬಹುದು. ಅಮೆರಿಕದ ವಿಮಾನ ನಿಲ್ದಾಣದಲ್ಲಿ ವಿಮಾನ ಬದಲಿಸುವುದಾದರೆ ಅದಕ್ಕೂ ಅಮೆರಿಕದ ವೀಸಾ ಬೇಕೇ ಬೇಕು. ಮೆಕ್ಸಿಕೋದಲ್ಲಿ ಇಳಿದಾಗ ವಲಸೆ ಅಧಿಕಾರಿ ಎಷ್ಟು ದಿನಗಳಿಗೆ ಅನುಮತಿ ಕೊಟ್ಟಿದ್ದಾರೆ ಎಂಬುದನ್ನು ಕೌಂಟರಿನ ಮುಂದೆಯೇ ಓದಿಕೊಳ್ಳಿ. ಗರಿಷ್ಠ ಮಿತಿ 180 ದಿನವಾದರೂ ಎಲ್ಲರಿಗೂ ಅಷ್ಟು ಸಿಗುವುದಿಲ್ಲ.

4. ನಿಮ್ಮ ಸವಾರಿಯನ್ನು ನೀವೇ ಅಳೆದುಕೊಳ್ಳಿ

ಊಟಿಯ ಕೆರೆಯ ದಂಡೆಯಲ್ಲಿ, ಇನ್ನೊಬ್ಬರು ಲಗಾಮು ಹಿಡಿದು ನಡೆಸಿದ ಕುದುರೆಯ ಮೇಲೆ ಕುಳಿತದ್ದನ್ನು ಸವಾರಿಯ ಅನುಭವವೆಂದು ಲೆಕ್ಕ ಹಾಕಬೇಡಿ. ಕುದುರೆಯನ್ನು ನೀವಾಗಿಯೇ ಹೊರಡಿಸಲು, ತಿರುಗಿಸಲು, ಮುಖ್ಯವಾಗಿ ನಿಲ್ಲಿಸಲು ಬಂದರೆ ಮಾತ್ರ ಅದು ಅನುಭವ.

ಸವಾರಿ ಬಾರದವರೂ ಹೋಗಬಹುದೇ ಎಂದರೆ, ಒಂದೆರಡು ಗಂಟೆಯ ನಿಧಾನ ಸವಾರಿಗೆ ಖಂಡಿತ ಹೋಗಬಹುದು. ಹಲವು ದಿನಗಳ ಪ್ರಯಾಣದಲ್ಲಿ ದಿನಕ್ಕೆ ನಾಲ್ಕರಿಂದ ಆರು ಗಂಟೆ ಜೀನಿನ ಮೇಲಿರಬೇಕಾಗುತ್ತದೆ. ಅದಕ್ಕೆ ಕನಿಷ್ಠ ಹತ್ತು ಹನ್ನೆರಡು ಪಾಠಗಳಾದರೂ ಆಗಿರಲಿ. ಬೆಂಗಳೂರಿನಲ್ಲೂ ಅಮೆರಿಕದ ಬಹುತೇಕ ಊರುಗಳ ಹೊರವಲಯದಲ್ಲೂ ಸವಾರಿ ಕಲಿಸುವ ಶಾಲೆಗಳಿವೆ. ಕುದುರೆಯ ಓಟದಲ್ಲಿ ಮೂರು ಹಂತಗಳಿವೆ: ಸಾಮಾನ್ಯ ನಡಿಗೆ, ಸವಾರನನ್ನು ಕುಲುಕಿಸುವ ಕುಕ್ಕುಲೋಟ, ಆಮೇಲೆ ನಾಗಾಲೋಟ. ನಡಿಗೆಯಲ್ಲಿ ಎಲ್ಲರೂ ಸವಾರರೇ. ಕುಕ್ಕುಲೋಟದಲ್ಲಿ ಲಗಾಮಿಗೆ ಜೋತುಬೀಳದೆ ಹತ್ತು ನಿಮಿಷ ಕೂರಲು ಸಾಧ್ಯವಾದರೆ ನೀವು ಪ್ರಯಾಣಕ್ಕೆ ಸಿದ್ಧರೆಂದು ತಿಳಿಯಬಹುದು.

ಕಲಿಯುವಾಗ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ನಮ್ಮಲ್ಲಿ ಕಲಿಸುವುದು ಬಹುಮಟ್ಟಿಗೆ ಇಂಗ್ಲಿಷ್ ಪದ್ಧತಿ: ಎರಡೂ ಕೈಯಲ್ಲಿ ಲಗಾಮು, ಹಗುರವಾದ ಜೀನು. ಮೆಕ್ಸಿಕೋದ ಸವಾರಿ ದನ ಮೇಯಿಸುವ ಕೆಲಸದಿಂದ ಬೆಳೆದದ್ದು. 1519ರಲ್ಲಿ ಸ್ಪೇನಿನ ದಂಡನಾಯಕ ಕೋರ್ತೆಸ್‌ನ ದಂಡಿನೊಂದಿಗೆ ಬಂದಿಳಿದ ಹದಿನಾರು ಕುದುರೆಗಳಿಂದ ಆರಂಭಿಸಿ, ಸ್ಪೇನಿನ ಪದ್ಧತಿ ಅಲ್ಲಿನ ದನಗಾಹಿಗಳ ಕೈಯಲ್ಲಿ ಬೇರೆಯೇ ರೂಪ ತಾಳಿತು. ಈ ಕಲೆಯೇ ಚಾರೆರಿಯಾ. ಯುನೆಸ್ಕೊ ಇದನ್ನು 2016ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ದನಗಾಹಿಯ ಒಂದು ಕೈ ಹಗ್ಗಕ್ಕೆ ಬೇಕಾದ್ದರಿಂದ ಲಗಾಮು ಒಂದೇ ಕೈಯಲ್ಲಿರುತ್ತದೆ. ಬಲಕ್ಕೆ ತಿರುಗಬೇಕಾದರೆ ಬಲ ಲಗಾಮನ್ನು ಎಳೆಯುವುದಿಲ್ಲ. ಕೈಯನ್ನು ಬಲಕ್ಕೆ ಸರಿಸಿದಾಗ ಎಡ ಲಗಾಮು ಕುದುರೆಯ ಕುತ್ತಿಗೆಗೆ ತಾಗುತ್ತದೆ, ಅದು ಆ ಒತ್ತಡದಿಂದ ದೂರ ತಿರುಗುತ್ತದೆ. ಈ ಕುದುರೆಗಳ ಬಾಯಿಯ ಕಡಿವಾಣ ಬಿರುಸಾಗಿರುವುದರಿಂದ, ಗಾಬರಿಯಲ್ಲಿ ಎರಡೂ ಕೈಯಿಂದ ಜಗ್ಗಿದರೆ ಕುದುರೆಗೆ ನೋವಾಗಿ ತಲೆ ಎತ್ತುತ್ತದೆ, ಹಿಂದಕ್ಕೆ ಸರಿಯುತ್ತದೆ. ಸಡಿಲ ಲಗಾಮು, ಮೆತ್ತನೆಯ ಕೈ ಎಂಬುದನ್ನು ಮನೆಯಿಂದಲೇ ರೂಢಿ ಮಾಡಿಕೊಂಡು ಹೋಗಿ.

5. ಸವಾರಿ ನಡೆಸುವವರನ್ನು ಪ್ರಶ್ನೆ ಕೇಳಿಯೇ ಆರಿಸಿ

ಚಂದದ ಚಿತ್ರಗಳನ್ನು ನೋಡಿ ಹಣ ಕಟ್ಟಬೇಡಿ. ಇಮೇಲಿನಲ್ಲಿ ಈ ಕೆಳಗಿನವನ್ನು ಕೇಳಿ, ಉತ್ತರ ಬರಹದಲ್ಲೇ ಇರಲಿ.

ಕುದುರೆಗಳು ನಿಮ್ಮವೇ, ಬಾಡಿಗೆಗೆ ತಂದವೇ? ಸ್ವಂತ ಕುದುರೆಗಳಿರುವವರಿಗೆ ಪ್ರತಿಯೊಂದರ ಸ್ವಭಾವವೂ ಗೊತ್ತಿರುತ್ತದೆ. ಒಂದು ಕುದುರೆ ವಾರದಲ್ಲಿ ಎಷ್ಟು ದಿನ ಕೆಲಸ ಮಾಡುತ್ತದೆ, ಯಾವಾಗ ವಿಶ್ರಾಂತಿ? ಈ ಪ್ರಶ್ನೆಗೆ ತಡವರಿಸುವವರನ್ನು ಬಿಟ್ಟುಬಿಡಿ. ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಸವಾರರು? ಆರಕ್ಕಿಂತ ಹೆಚ್ಚಾದರೆ ಗುಂಪಿನ ಹಿಂದೆಯೂ ಒಬ್ಬರಿರಬೇಕು. ಹೊಸಬರನ್ನೂ ಅನುಭವಿಗಳನ್ನೂ ಬೇರೆ ಬೇರೆ ಗುಂಪು ಮಾಡುತ್ತೀರಾ? ಮಾಡದಿದ್ದರೆ, ಅನುಭವಿಗಳು ನಾಗಾಲೋಟಕ್ಕೆ ಹೊರಟಾಗ ಹೊಸಬರ ಕುದುರೆಗಳೂ ಅವುಗಳ ಹಿಂದೆ ಓಡುತ್ತವೆ; ಕುದುರೆ ಹಿಂಡಿನ ಪ್ರಾಣಿ, ಅದರ ತಪ್ಪಲ್ಲ. ನಮ್ಮ ಅಳತೆಯ ಹೆಲ್ಮೆಟ್ ಇದೆಯೇ? ದಾರಿಯಲ್ಲಿ ಫೋನ್ ಸಿಗದ ಕಡೆ ಅಪಘಾತವಾದರೆ ಏನು ವ್ಯವಸ್ಥೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ?

ಅವರೂ ನಿಮ್ಮನ್ನು ತೂಕ, ಎತ್ತರ, ವಯಸ್ಸು, ಅನುಭವ ಕೇಳಬೇಕು. ಕೇಳದವರಲ್ಲಿಗೆ ಹೋಗದಿರುವುದೇ ಒಳ್ಳೆಯದು. ತೂಕದ ವಿಷಯದಲ್ಲಿ ನಮ್ಮವರು ಐದಾರು ಕಿಲೋ ಕಡಿಮೆ ಹೇಳುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕುದುರೆ ತನ್ನ ತೂಕದ ಶೇಕಡಾ 20ಕ್ಕಿಂತ ಹೆಚ್ಚು ಹೊರಬಾರದು ಎಂಬುದು ಬಹಳ ಕಡೆ ಪಾಲಿಸುವ ಲೆಕ್ಕ. 400 ಕಿಲೋದ ಬೆಟ್ಟದ ಕುದುರೆಗೆ ಅದು 80 ಕಿಲೋ. ಅದರಲ್ಲಿ ಮರದ ಚೌಕಟ್ಟಿನ ಮೆಕ್ಸಿಕನ್ ಜೀನೇ ಹದಿನೈದು ಕಿಲೋ ತಿಂದುಹಾಕುತ್ತದೆ. ನೀವು ಬಚ್ಚಿಟ್ಟ ಐದು ಕಿಲೋವನ್ನು ದಿನಕ್ಕೆ ಐದು ಗಂಟೆ ಹೊರುವುದು ಆ ಪ್ರಾಣಿ. ನಿಜವಾದ ತೂಕ ಹೇಳಿದರೆ ಅವರು ದೊಡ್ಡ ಕುದುರೆಯನ್ನೋ ಬಲವಾದ ಹೇಸರಗತ್ತೆಯನ್ನೋ ಕೊಡುತ್ತಾರೆ. ಕಡಿದಾದ ಬೆಟ್ಟದಲ್ಲಿ ಹೇಸರಗತ್ತೆಯ ಹೆಜ್ಜೆ ಕುದುರೆಯದಕ್ಕಿಂತ ಭದ್ರ, ಅದನ್ನು ಕೊಟ್ಟರೆಂದು ಬೇಸರ ಪಡಬೇಡಿ.

6. ವಿಮೆ ಮತ್ತು ಔಷಧ

ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಹಲವು, ಕುದುರೆ ಸವಾರಿಯನ್ನು ಸಾಹಸ ಕ್ರೀಡೆಯೆಂದು ಹೊರಗಿಡುತ್ತವೆ. ಷರತ್ತುಗಳಲ್ಲಿ ಕುದುರೆ ಸವಾರಿ ಎಂಬ ಪದವೇ ಇರಬೇಕು, ಜೊತೆಗೆ ದುರ್ಗಮ ಜಾಗದಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚವೂ ಸೇರಿರಬೇಕು. ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಂಡು ಹತ್ತು ವರ್ಷವಾಗಿದ್ದರೆ ಮತ್ತೆ ತೆಗೆದುಕೊಳ್ಳಿ. ಕುದುರೆ ಲಾಯದ ಮಣ್ಣಿನಲ್ಲಿ ಅದರ ರೋಗಾಣು ಇರುವುದು ಸಾಮಾನ್ಯ. ಓಆರ್‌ಎಸ್ ಪೊಟ್ಟಣ, ತೊಡೆ ಉಜ್ಜಿದ ಜಾಗಕ್ಕೆ ಮುಲಾಮು, ಅಗಲ ಬ್ಯಾಂಡೇಜು ಇರಲಿ. ಗರ್ಭಿಣಿಯರು, ಬೆನ್ನು ಅಥವಾ ಸೊಂಟದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು.

7. ಉಡುಪು ಮತ್ತು ಚೀಲ

ಹೆಲ್ಮೆಟ್ ಸ್ವಂತದ್ದೇ ಒಯ್ಯಿರಿ. ಸೈಕಲ್ ಹೆಲ್ಮೆಟ್ ಆಗದು, ಕುದುರೆ ಸವಾರಿಗೆಂದೇ ಪ್ರಮಾಣೀಕರಿಸಿದ್ದು ಬೇಕು. ಒಮ್ಮೆ ಬಲವಾಗಿ ಬಿದ್ದ ಹೆಲ್ಮೆಟನ್ನು ಮತ್ತೆ ಬಳಸಬಾರದು. ಹಳ್ಳಿಯ ಸವಾರರೆಲ್ಲ ಹುಲ್ಲಿನ ಹ್ಯಾಟಿನಲ್ಲಿರುತ್ತಾರೆ, ಚಿತ್ರ ಚೆನ್ನಾಗಿ ಬರುತ್ತದೆಂದು ನೀವು ಅದನ್ನು ಅನುಸರಿಸಬೇಡಿ. ಅಲ್ಲಿ ಕೇಳಿ ಪಡೆಯುವುದಾದರೆ ಹೆಲ್ಮೆಟಿಗೆ ‘ಕಾಸ್ಕೊ’ ಎನ್ನುತ್ತಾರೆ. ಕುದುರೆಯ ಗೊರಸಿಗೂ ಅದೇ ಪದ, ಹಾಗಾಗಿ ತಲೆ ಮುಟ್ಟಿ ತೋರಿಸಿದರೆ ಗೊಂದಲವಿರುವುದಿಲ್ಲ.

ಬೂಟಿಗೆ ಎರಡು ಸೆಂಟಿಮೀಟರಿನಷ್ಟು ಹಿಮ್ಮಡಿ ಇರಬೇಕು. ಹಿಮ್ಮಡಿಯಿಲ್ಲದ ಕ್ರೀಡಾ ಷೂ ರಿಕಾಪಿನೊಳಗೆ ಪೂರ್ತಿ ಜಾರಿಹೋಗುತ್ತದೆ; ರಿಕಾಪು ಎಂದರೆ ಪಾದ ಇಡುವ ಬಳೆ. ಬಿದ್ದಾಗ ಪಾದ ಅದರಲ್ಲಿ ಸಿಕ್ಕಿಕೊಂಡು ಕುದುರೆ ಎಳೆದುಕೊಂಡು ಹೋಗುವುದು ಸವಾರಿಯ ಅತ್ಯಂತ ಕೆಟ್ಟ ಅಪಘಾತ. ಒಳಹೊಲಿಗೆ ದಪ್ಪಗಿರುವ ಜೀನ್ಸ್ ಪ್ಯಾಂಟು ಮೊದಲ ದಿನವೇ ತೊಡೆಯ ಚರ್ಮ ಕೀಳುತ್ತದೆ, ಸವಾರಿಯ ಪ್ಯಾಂಟು ಅಥವಾ ಬಿಗಿಯಾದ ಒಳಉಡುಪಿನ ಮೇಲೆ ಹೊಲಿಗೆ ಸಪಾಟಾದ ಪ್ಯಾಂಟು ಧರಿಸಿ. ಪದರ ಪದರವಾಗಿ ಹಾಕಿ ಕಳಚಬಹುದಾದ ಬಟ್ಟೆ, ಕೈಗವಸು, ಮಳೆಯಂಗಿ ಬೇಕು. ಮಳೆಯಂಗಿಯನ್ನು ಕುದುರೆಯ ಮೇಲೆ ಕುಳಿತು ಕೊಡವಿ ಹಾಕಿಕೊಳ್ಳಬೇಡಿ, ಅದರ ಪಟಪಟ ಸದ್ದಿಗೆ ಕುದುರೆ ಬೆದರುತ್ತದೆ. ಒಣಗಾಲದ ಧೂಳಿಗೆ ಕುತ್ತಿಗೆಯಲ್ಲೊಂದು ಹತ್ತಿಯ ಚೌಕ ಇರಲಿ. ಮೆಕ್ಸಿಕೋದ ಹಳ್ಳಿಗರು ಕಟ್ಟುವ ಕೆಂಪು ಅಚ್ಚಿನ ಚೌಕಕ್ಕೆ ‘ಪಾಲಿಯಕಾತೆ’ ಎಂದು ಹೆಸರು. ಅದು ನಮ್ಮ ಪೂರ್ವ ಕರಾವಳಿಯ ಪುಲಿಕಾಟ್ ಊರಿನ ಬಟ್ಟೆಯ ಹೆಸರಿನಿಂದ ಬಂದದ್ದು. ಸಾಮಾನೆಲ್ಲ ಮೆತ್ತನೆಯ ಚೀಲದಲ್ಲಿರಲಿ, ಚಕ್ರದ ಸೂಟ್‌ಕೇಸು ಹೇಸರಗತ್ತೆಯ ಬೆನ್ನಿಗೆ ಹೊಂದದು.

8. ತಲುಪಿದ ಮೇಲಿನ ಮೊದಲ ದಿನ

ಮೆಕ್ಸಿಕೋ ಸಿಟಿಯೇ 2,240 ಮೀಟರ್ ಎತ್ತರದಲ್ಲಿದೆ. ಇಳಿದ ದಿನವೇ ಸವಾರಿ ಇಟ್ಟುಕೊಳ್ಳಬೇಡಿ; ತಲೆನೋವು, ಏದುಸಿರು ಸಹಜ, ಒಂದು ದಿನ ನೀರು ಕುಡಿದು ವಿಶ್ರಾಂತಿ ಪಡೆಯಿರಿ. ನಲ್ಲಿಯ ನೀರು ಬೇಡ, ‘ಆಗ್ವಾ ಪುರಿಫಿಕಾದಾ’ ಎಂದು ಶುದ್ಧ ನೀರನ್ನೇ ಕೇಳಿ. ವಾಯೆ ದೆ ಬ್ರಾವೊಗೆ ನಗರದ ಪಶ್ಚಿಮದ ಒಬ್ಸರ್ವತೋರಿಯೊ ಬಸ್ ನಿಲ್ದಾಣದಿಂದ ಬಸ್ಸುಗಳಿವೆ. ಕಾರಿನಲ್ಲಿ ಹೋಗುವುದಾದರೆ ಹಗಲಿನಲ್ಲೇ, ‘ಕ್ವೋತಾ’ ಎಂದು ಫಲಕವಿರುವ ಸುಂಕದ ರಸ್ತೆಯಲ್ಲೇ ಹೋಗಿ. ತುರ್ತಿಗೆ ದೇಶದಾದ್ಯಂತ 911ಕ್ಕೆ ಕರೆ ಮಾಡಬಹುದು.

9. ಕುದುರೆಯನ್ನು ನೋಡಿ, ಆಮೇಲೆ ಹತ್ತಿ

ಈ ಹಂತಕ್ಕೆ ಹತ್ತು ನಿಮಿಷ ಕೊಡಿ, ಯಾರು ಅವಸರಪಡಿಸಿದರೂ ಬಿಡಬೇಡಿ. ಚಿಟ್ಟೆಗಳ ಕಾಡಿನ ಬಾಗಿಲಲ್ಲಿ, ರಿಯಲ್ ದೆ ಕತೋರ್ಸೆಯ ಚೌಕದಲ್ಲಿ ಅಲ್ಲೇ ಬಾಡಿಗೆಗೆ ಸಿಗುವ ಕುದುರೆಗಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ.

ಮೊದಲು ದೂರದಿಂದ ನೋಡಿ. ಪಕ್ಕೆಲುಬುಗಳು ಎಣಿಸುವಂತೆ ಎದ್ದು ಕಾಣುತ್ತಿವೆಯೇ? ನಡೆಸಿ ತೋರಿಸಲು ಹೇಳಿ. ಹೆಜ್ಜೆ ಹಾಕುವಾಗ ತಲೆ ಒಂದೇ ಸಮನೆ ಮೇಲೆ ಕೆಳಗೆ ಆಡುತ್ತಿದ್ದರೆ ಕುಂಟುತ್ತಿದೆಯೆಂದು ಅರ್ಥ. ಆಮೇಲೆ ಎಡ ಭುಜದ ಕಡೆಯಿಂದ, ಮೆಲ್ಲಗೆ ಮಾತನಾಡುತ್ತ ಹತ್ತಿರ ಹೋಗಿ. ಹಿಂದಿನಿಂದ ಎಂದೂ ಹೋಗಬೇಡಿ. ಜೀನಿನ ಕೆಳಗಿನ ಕಂಬಳಿಯ ಅಂಚನ್ನು ಸ್ವಲ್ಪ ಎತ್ತಿ ನೋಡಿ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನ ಮೇಲೆ ಕೂದಲು ಉದುರಿ ಗುಲಾಬಿ ಬಣ್ಣದ ಹಸಿ ಚರ್ಮ ಕಂಡರೆ, ಕಂಬಳಿಗೆ ಕೀವು ಅಂಟಿದ್ದರೆ, ಆ ಕುದುರೆ ಬೇಡ. ಹೊಟ್ಟೆಪಟ್ಟಿ ಉಜ್ಜುವ ಮುಂಗಾಲಿನ ಹಿಂಭಾಗವನ್ನೂ ನೋಡಿ. ಹಳೆಯ ಗಾಯ ಮಾಗಿದಲ್ಲಿ ಬರುವ ಬಿಳಿಕೂದಲಿಗೆ ಹೆದರಬೇಕಿಲ್ಲ, ಹಸಿಗಾಯಕ್ಕೆ ಮಾತ್ರ ರಾಜಿ ಬೇಡ. ‘ಓತ್ರೊ ಕಬಾಯೊ, ಪೊರ್ ಫವೋರ್’ ಎಂದರೆ ‘ದಯವಿಟ್ಟು ಬೇರೆ ಕುದುರೆ ಕೊಡಿ’ ಎಂದು. ಗಾಯಗೊಂಡ ಕುದುರೆಯನ್ನು ಗಿರಾಕಿಗಳು ಒಪ್ಪದಿದ್ದರೆ ಅದಕ್ಕೆ ರಜೆ ಸಿಗುತ್ತದೆ. ನಾವು ಅದಕ್ಕೆ ಮಾಡಬಹುದಾದ ಉಪಕಾರ ಅಷ್ಟು.

ಅನಂತರ ‘ಸೊಯ್ ಪ್ರಿನ್ಸಿಪಿಯಾಂತೆ’, ಅಂದರೆ ‘ನಾನು ಹೊಸಬ’ ಅಥವಾ ‘ಹೊಸಬಳು’ ಎಂದು ನಾಚಿಕೆಯಿಲ್ಲದೆ ಹೇಳಿ, ‘ಉನ್ ಕಬಾಯೊ ಮಾನ್ಸೊ’, ಅಂದರೆ ಸಾಧು ಕುದುರೆ ಕೇಳಿ.

ಇನ್ನು ಜೀನು. ಮೆಕ್ಸಿಕನ್ ಜೀನಿನ ಮುಂಭಾಗದಲ್ಲಿ ಸಣ್ಣ ತಟ್ಟೆಯಷ್ಟು ಅಗಲದ, ಚಪ್ಪಟೆ ತಲೆಯ ಮರದ ಗೂಟವಿರುತ್ತದೆ. ದನಕ್ಕೆ ಹಾಕಿದ ಹಗ್ಗವನ್ನು ಸುತ್ತಲು ಮಾಡಿದ್ದು ಅದು. ತೀರ ಅಗತ್ಯವಾದಾಗ ಹಿಡಿದುಕೊಳ್ಳಬಹುದು, ಆದರೆ ಮುಂದಕ್ಕೆ ಬಾಗುವಾಗ ಹೊಟ್ಟೆಗೆ ತಿವಿಯುತ್ತದೆ, ಎಚ್ಚರ. ರಿಕಾಪಿನ ಉದ್ದ ನೋಡಲು ಕೈಯ ಬೆರಳತುದಿಯನ್ನು ಜೀನಿಗೆ ಇಟ್ಟು ಪಟ್ಟಿಯನ್ನು ತೋಳಿನುದ್ದಕ್ಕೆ ಚಾಚಿ. ರಿಕಾಪು ಕಂಕುಳಿಗೆ ಬಂದರೆ ಸುಮಾರಾಗಿ ಸರಿ.

ಅತಿ ಮುಖ್ಯವಾದದ್ದು ಜೀನನ್ನು ಬಿಗಿದಿರುವ ಹೊಟ್ಟೆಪಟ್ಟಿ, ಅಲ್ಲಿನ ಮಾತಿನಲ್ಲಿ ‘ಸಿಂಚಾ’. ಪಟ್ಟಿ ಬಿಗಿಯುವಾಗ ಅನೇಕ ಕುದುರೆಗಳು ಹೊಟ್ಟೆ ಉಬ್ಬಿಸಿ ನಿಲ್ಲುತ್ತವೆ, ಹತ್ತು ನಿಮಿಷ ನಡೆದ ಮೇಲೆ ಹೊಟ್ಟೆ ಇಳಿದು ಪಟ್ಟಿ ಸಡಿಲವಾಗುತ್ತದೆ. ಒಮ್ಮೆ ನಾನು ಇದನ್ನು ಮರೆತು, ಇಳಿಜಾರಿನ ತಿರುವಿನಲ್ಲಿ ಜೀನು ಸಮೇತ ಪಕ್ಕಕ್ಕೆ ವಾಲಿ ಬಿದ್ದೆ. ಕುದುರೆ ಅಲ್ಲೇ ನಿಂತದ್ದರಿಂದ ಮೊಣಕೈ ತರಚಿದ್ದರಲ್ಲೇ ಮುಗಿಯಿತು. ಪಟ್ಟಿಗೂ ಹೊಟ್ಟೆಗೂ ನಡುವೆ ಎರಡು ಬೆರಳು ಮಾತ್ರ ಹೋಗಬೇಕು. ಹತ್ತುವ ಮೊದಲು ಒಮ್ಮೆ, ಹೊರಟ ಹತ್ತು ನಿಮಿಷಕ್ಕೆ ಇನ್ನೊಮ್ಮೆ ‘ಪ್ವೇದೆ ಅಪ್ರೆತಾರ್ ಲಾ ಸಿಂಚಾ’ ಎಂದು ಹೇಳಿ ಬಿಗಿಸಿಕೊಳ್ಳಿ.

ಹತ್ತುವುದು ಎಡಗಡೆಯಿಂದ. ಸಾಧ್ಯವಾದರೆ ಕಲ್ಲು ಅಥವಾ ಕಟ್ಟೆಯ ಮೇಲೆ ನಿಂತು ಹತ್ತಿ, ಕುದುರೆಯ ಬೆನ್ನಿಗೆ ಜಗ್ಗಾಟ ಕಡಿಮೆಯಾಗುತ್ತದೆ. ಕುಳಿತುಕೊಳ್ಳುವಾಗ ಧೊಪ್ಪನೆ ಬೀಳದೆ ಮೆಲ್ಲಗೆ ಇಳಿಯಿರಿ.

10. ದಾರಿಯಲ್ಲಿ

ರಿಕಾಪಿನಲ್ಲಿ ಪಾದದ ಮುಂಭಾಗ ಮಾತ್ರ ಇರಲಿ, ಹಿಮ್ಮಡಿ ಕೆಳಗೆ ಒತ್ತಿರಲಿ. ಏರುದಾರಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ. ಇಳಿಜಾರಿನಲ್ಲಿ ಬೆನ್ನು ನೇರ ಮಾಡಿ ತುಸು ಹಿಂದಕ್ಕೆ ಒರಗಿ, ಲಗಾಮು ಸಡಿಲ ಬಿಡಿ. ಎಲ್ಲಿ ಹೆಜ್ಜೆ ಇಡಬೇಕೆಂಬುದು ಕುದುರೆಗೆ ನಿಮಗಿಂತ ಚೆನ್ನಾಗಿ ಗೊತ್ತು, ಅದು ತಲೆ ತಗ್ಗಿಸಿ ನೆಲ ನೋಡಲು ಬಿಡಿ. ಮುಂದಿನ ಕುದುರೆಗೂ ನಿಮಗೂ ಒಂದು ಕುದುರೆಯಷ್ಟು ಅಂತರವಿರಲಿ, ಇಲ್ಲದಿದ್ದರೆ ಒದೆತ ತಪ್ಪದು. ಕಿವಿಗಳನ್ನು ಗಮನಿಸುತ್ತಿರಿ: ಮುಂದಕ್ಕೆ ನಿಮಿರಿದ್ದರೆ ಏನನ್ನೋ ನೋಡುತ್ತಿದೆ, ಹಿಂದಕ್ಕೆ ಕುತ್ತಿಗೆಗೆ ಒತ್ತಿಕೊಂಡಿದ್ದರೆ ಸಿಟ್ಟಾಗಿದೆ.

ಲಗಾಮನ್ನು ಎಂದೂ ಕೈಗೆ ಸುತ್ತಿಕೊಳ್ಳಬೇಡಿ. ಫೋನಿನಲ್ಲಿ ಚಿತ್ರ ತೆಗೆಯಬೇಕೆಂದರೆ ಕುದುರೆ ನಿಂತಿರುವಾಗ, ಮಾರ್ಗದರ್ಶಕರಿಗೆ ತಿಳಿಸಿ ತೆಗೆಯಿರಿ. ಕುದುರೆ ನಿಮ್ಮ ಮಾತು ಕೇಳದೆ ಓಡತೊಡಗಿದರೆ ಕಿರುಚಬೇಡಿ, ಕಿರುಚಿದರೆ ಇನ್ನೂ ಜೋರಾಗಿ ಓಡುತ್ತದೆ. ಜಾಗ ಅಗಲವಾಗಿದ್ದರೆ ಒಂದೇ ಕಡೆಯ ಲಗಾಮನ್ನು ಹಿಡಿದು ಅದರ ತಲೆಯನ್ನು ಮೆಲ್ಲನೆ ಆ ಕಡೆಗೆ ತಿರುಗಿಸಿ, ಸುತ್ತು ಚಿಕ್ಕದಾಗುತ್ತ ಬಂದು ಅದು ನಿಲ್ಲುತ್ತದೆ. ಕಿರಿದಾದ ದಾರಿಯಲ್ಲಿ ಹೀಗೆ ಮಾಡಬಾರದು. ಅಲ್ಲಿ ಜೀನಿನ ಗೂಟ ಹಿಡಿದು ಆಳವಾಗಿ ಕುಳಿತು, ಜಗ್ಗುವುದು ಬಿಡುವುದು ಮಾಡುತ್ತ ತಡೆಯಿರಿ. ನಿಧಾನ ಬೇಕಾದರೆ ‘ಮಾಸ್ ದೆಸ್ಪಾಸಿಯೊ’, ನೋವಾದರೆ ಜಾಗ ತೋರಿಸಿ ‘ಮೆ ದ್ವೇಲೆ ಅಕೀ’ ಎನ್ನಿ. ಎರಡು ಗಂಟೆಗೊಮ್ಮೆ ಇಳಿದು ಸ್ವಲ್ಪ ದೂರ ನಡೆದರೆ ನಿಮ್ಮ ಮಂಡಿಗೂ ಕುದುರೆಯ ಬೆನ್ನಿಗೂ ಒಳ್ಳೆಯದು.

11. ಸಸ್ಯಾಹಾರಿಗಳ ಊಟ

ಹಸಿವಿನಿಂದ ಇರಬೇಕಾಗಿಲ್ಲ, ಆದರೆ ಕೇಳಿ ತಿನ್ನಬೇಕು. ‘ಸಿನ್ ಕಾರ್ನೆ’, ಅಂದರೆ ಮಾಂಸವಿಲ್ಲದೆ ಎಂದಷ್ಟೇ ಹೇಳಿದರೆ ಸಾಲದು, ಏಕೆಂದರೆ ಮಸೆದ ಹುರುಳಿಕಾಯಿ ಬೀಜದ ಪಲ್ಯಕ್ಕೂ ತಮಾಲೆ ಎಂಬ ಮುಸುಕಿನ ಜೋಳದ ಕಡುಬಿಗೂ ಹಂದಿಯ ಕೊಬ್ಬು ಹಾಕುವುದುಂಟು, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದುಂಟು. ‘ನೊ ಕೊಮೊ ಕಾರ್ನೆ, ಪೊಯೊ, ಪೆಸ್ಕಾದೊ, ನಿ ಮಾಂತೆಕಾ’ ಎಂದರೆ ಮಾಂಸ, ಕೋಳಿ, ಮೀನು, ಕೊಬ್ಬು ಯಾವುದನ್ನೂ ತಿನ್ನುವುದಿಲ್ಲ ಎಂದು. ಇದನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಪ್ರಯಾಣ ಕಾಯ್ದಿರಿಸುವಾಗಲೂ ತಿಳಿಸಿ.

ಸುಣ್ಣದ ನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳವನ್ನು ರುಬ್ಬಿ ತಟ್ಟಿದ ತೋರ್ತಿಯಾ, ಕುಂಬಳ ಹೂವು ಮತ್ತು ಚೀಸ್ ತುಂಬಿದ ಕೆಸಾದಿಯಾ, ಬೆಣ್ಣೆಹಣ್ಣಿನ ಗ್ವಾಕಮೋಲೆ ಎಲ್ಲ ಹಳ್ಳಿಗಳಲ್ಲೂ ಸಿಗುತ್ತವೆ. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಪಾಪಾಸುಕಳ್ಳಿಯ ತವರು ಅದೇ ನಾಡು. ಅದರ ಎಳೆಯ ಹಾಳೆಯ ಮುಳ್ಳು ಸವರಿ ಕಾವಲಿಯಲ್ಲಿ ಬಾಡಿಸಿದ ‘ನೊಪಾಲ್’ ಪಲ್ಯವನ್ನು ತಪ್ಪದೆ ತಿನ್ನಿ, ಬೆಂಡೆಕಾಯಿಯ ಲೋಳೆ ಬಲ್ಲವರಿಗೆ ಅದು ಹೊಸದೆನಿಸುವುದಿಲ್ಲ.

12. ಹಣ, ಮತ್ತು ಮರಳುವಾಗ

ಹಳ್ಳಿಗಳಲ್ಲಿ ಕಾರ್ಡು ನಡೆಯದು. ಪೆಸೊ ನಗದು, ಅದರಲ್ಲೂ ಸಣ್ಣ ನೋಟು ಬೇಕು. ಬಾಡಿಗೆ ಕುದುರೆಯಾದರೆ ದರ ಒಬ್ಬರಿಗೋ, ಗಂಟೆಗೋ, ಹೋಗಲು ಮಾತ್ರವೋ, ಹಿಂದಿರುಗುವುದೂ ಸೇರಿಯೋ ಎಂದು ಹತ್ತುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಎಹೀದೊದವರು ಫಲಕದಲ್ಲಿ ದರ ಬರೆದಿದ್ದರೆ ಚೌಕಾಸಿ ಮಾಡಬೇಡಿ, ಆ ಹಣ ಕಾಡು ಉಳಿಸಿಕೊಂಡ ಊರಿಗೇ ಹೋಗುತ್ತದೆ. ಕೊನೆಯ ದಿನ ಭಕ್ಷೀಸನ್ನು ಮಾರ್ಗದರ್ಶಕರಿಗೆ ಕೊಡುವುದರ ಜೊತೆಗೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕುದುರೆಗೆ ಮೇವು ಹಾಕಿದ ಕಬಯೆರಾಂಗೊನ ಕೈಗೂ ಬೇರೆಯಾಗಿ ಕೊಡಿ.

ಹೊರಡುವ ಹಿಂದಿನ ಸಂಜೆ ಬೂಟಿನ ಅಡಿಯ ಮಣ್ಣು, ಸಗಣಿಯನ್ನು ಬ್ರಷ್‌ನಿಂದ ಉಜ್ಜಿ ತೊಳೆದು ಒಣಗಿಸಿ. ಸವಾರಿಯ ಬಟ್ಟೆಗಳನ್ನು ಬೇರೆ ಚೀಲದಲ್ಲಿ ಕಟ್ಟಿ. ಅಮೆರಿಕಕ್ಕೆ ಮರಳುವವರನ್ನು ಸುಂಕದ ಅಧಿಕಾರಿಗಳು ಜಾನುವಾರುಗಳ ಬಳಿ ಇದ್ದಿರಾ, ತೋಟ ಹೊಲಗಳಿಗೆ ಹೋಗಿದ್ದಿರಾ ಎಂದು ಕೇಳುತ್ತಾರೆ. ಕುದುರೆ ಸವಾರಿ ಮಾಡಿದವರ ಉತ್ತರ ‘ಹೌದು’ ಎಂದೇ ಇರಬೇಕು. ಹೌದು ಎಂದರೆ ಬೂಟನ್ನು ತೆಗೆಸಿ ನೋಡಬಹುದು, ಅಷ್ಟೇ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ದಂಡ ತೆರಬೇಕಾಗುತ್ತದೆ.